ಏಳನೇ ಕಮೋಡ್

"ಇದನ್ನ ಕೂರಿಸಿದೋನು ಯಾವನಪ್ಪಾ?"

ಕೇಳಿದ್ದು ಯಾರನ್ನೂ ಅಲ್ಲ. ಬಚ್ಚಲಿನಲ್ಲಿ ಇರುವುದು ಇಗ್ಸಾನ್ ಗಮೀಲ್ದಿನ್ ಒಬ್ಬರೇ. ಮೊಣಕಾಲಡಿ ಮಡಿಸಿಟ್ಟ ಗೋಣಿಚೀಲ, ಹಣೆಗೆ ಕಟ್ಟಿಕೊಂಡ ಟಾರ್ಚು, ಎದುರಿಗೆ ಬಿಳಿ ಕಮೋಡ್. ಹೈಡೆಫೆಲ್ಡಿನ ಮಸೀದಿಯಲ್ಲಿ ಬೆಳಗಿನ ನಮಾಝ್ ಮುಗಿದು ಇನ್ನೂ ಕಾಲು ಗಂಟೆ ಆಗಿಲ್ಲ. ಗೋಡೆಯ ಎತ್ತರದಲ್ಲಿರುವ ಅಂಗೈಯಗಲದ ಕಿಟಕಿಯಲ್ಲಿ ಬೆಟ್ಟದ ನೆತ್ತಿ ಈಗಷ್ಟೇ ಕಪ್ಪಿನಿಂದ ನೀಲಿಗೆ ತಿರುಗುತ್ತಿದೆ.

ಇನ್ನೊಬ್ಬರು ಮಾಡಿಟ್ಟ ಕೆಲಸ ಬಿಚ್ಚುವಾಗ ಪ್ಲಂಬರ್ ಆದವನ ಬಾಯಿಂದ ಮೊದಲು ಬೀಳುವ ಮಾತು ಇದು. ಮೂವತ್ತೊಂದು ವರ್ಷ ಹೇಳಿ ಹೇಳಿ ಇಗ್ಸಾನರ ನಾಲಿಗೆಗೆ ಅದು ಅಂಟಿಕೊಂಡುಬಿಟ್ಟಿದೆ. ಇವತ್ತು ಮಾತ್ರ ಅಂದ ಮೇಲೆ ತುಟಿ ಕಚ್ಚಿಕೊಳ್ಳುತ್ತಾರೆ. ಗೋಡೆಯ ಆಚೆ ಯಾರಿಗಾದರೂ ಕೇಳಿಸಿತೇನೋ ಎಂದು ಬಾಗಿಲ ಕಡೆ ನೋಡುತ್ತಾರೆ. ಈ ಕಮೋಡನ್ನು ಕೂರಿಸಿದವರು ಅವರೇ. ಏಳು ವರ್ಷದ ಹಿಂದೆ, ಇದೇ ಮೊಣಕಾಲ ಮೇಲೆ ಕೂತು.

"ಬೂಟಾ ಇಗ್ಸಾನ್, ಇನ್ನೆಷ್ಟು ಹೊತ್ತು?" ಈ ಮನೆಯ ಸೊಸೆ ಜುಲ್ಫಾ ಹೊರಗಿನಿಂದ ಕೂಗುತ್ತಾಳೆ. ಬೂಟಾ ಎಂದರೆ ಇಲ್ಲಿ ಅಣ್ಣ; ಕೇರಿಯ ಅರ್ಧ ಜನಕ್ಕೆ ಇಗ್ಸಾನ್ ಬೂಟಾ.

"ಎರಡು ಗಂಟೆ."

"ಎರಡು ಗಂಟೆನಾ? ಚಿಕ್ಕದು ಆಗ್ಲೇ ಒಂಟಿ ಕಾಲಲ್ಲಿ ಕುಣೀತಿದೆ!"

"ಮಿಸೆಸ್ ಅಡೋನಿಸ್ ಮನೆಗೆ ಕಳ್ಸಮ್ಮ. ನಿನ್ನೇನೇ ಹೇಳಿಟ್ಟಿದ್ದೀನಿ."

"ಕಳ್ಸು, ಕಳ್ಸು!" ಬೇಲಿಯಾಚೆಯಿಂದ ಮಿಸೆಸ್ ಅಡೋನಿಸರ ದನಿ ತೂರಿಬರುತ್ತದೆ. ಚರ್ಚಿಗೆ ಹೊರಡಲು ಇನ್ನೂ ಹೊತ್ತಿದೆ, ಅವರು ಗಿಡಕ್ಕೆ ಪಾತ್ರೆ ತೊಳೆದ ನೀರು ಹಾಕುತ್ತಿದ್ದಾರೆ. "ನಮ್ಮನೇದು ಎತ್ತ ಮುಖ ಮಾಡಿದ್ರೂ ಕರ್ತನಿಗೆ ಅಭ್ಯಂತರ ಇಲ್ಲ!"

ಆ ಗಿಡ ಬೆಳೆದಿರುವುದು ಗುಲಾಬಿ ಬಣ್ಣದ ಹಳೆಯ ಕಮೋಡಿನಲ್ಲಿ. ಅದನ್ನು ಅವರ ಮನೆಯಿಂದ ಕಿತ್ತವರೂ ಇಗ್ಸಾನರೇ.

ಇಗ್ಸಾನರಿಗೆ ಈಗ ಐವತ್ತೇಳು. ಕೇಪ್ ಟೌನಿನ ಈ ಬಯಲು ಬಡಾವಣೆಗಳಲ್ಲಿ ಅವರು ಮನೆಗಳನ್ನು ನೆನಪಿಟ್ಟುಕೊಳ್ಳುವುದು ನಂಬರಿನಿಂದಲ್ಲ, ಕಮೋಡಿನ ಬಣ್ಣದಿಂದ. ಗುಲಾಬಿ ಮನೆ, ಪಾಚಿ ಹಸಿರು ಮನೆ, ಆಕಾಶ ನೀಲಿ ಮನೆ. ಹಳೆಯ ಕಾಲದ ಆ ಗಟ್ಟಿ ಪಿಂಗಾಣಿ ಒಂದು ಸಲ ಎಳೆದರೆ ಹನ್ನೊಂದು ಲೀಟರ್ ನೀರು ಕುಡಿಯುತ್ತಿತ್ತು. ಅವರು ತಂದು ಕೂರಿಸುವ ಎರಡು ಗುಂಡಿಯದಕ್ಕೆ ದೊಡ್ಡ ಗುಂಡಿ ಒತ್ತಿದರೆ ಆರು, ಚಿಕ್ಕದು ಒತ್ತಿದರೆ ಮೂರು. ಲೆಕ್ಕವನ್ನು ಅವರು ತಮ್ಮದೇ ರೀತಿಯಲ್ಲಿ ಬಿಡಿಸುತ್ತಾರೆ: "ಚಿಕ್ಕ ಗುಂಡಿ ಒಂದ್ಸಲ ಒತ್ತಿದ್ರೆ ಎಂಟು ಲೀಟರ್ ಉಳೀತು. ಎಂಟು ಜನ ಕೈಕಾಲು ಮುಖ ತೊಳ್ಕೊಂಡು ನಮಾಝಿಗೆ ನಿಲ್ಲಬಹುದು. ಒಂದು ಸಾಲು ಅಂದ್ಕೊಳ್ಳಿ." ಆರು ಜನರ ಒಂದು ಮನೆಯಲ್ಲಿ ದಿನಕ್ಕೆ ಉಳಿಯುವುದು ಇನ್ನೂರು ಲೀಟರಿಗೂ ಮೇಲೆ. ಅಂಥ ಮನೆಗಳು ಅವರ ಕೈಯಲ್ಲಿ ಒಂಬೈನೂರು ದಾಟಿವೆ.

ಹೀಗಿದ್ದೂ ಮದುವೆ ಮನೆಯಲ್ಲಿ ಯಾರಾದರೂ ಕೈಕುಲುಕಿ "ತೊಳ್ಕೊಂಡಿದೀಯ ತಾನೇ?" ಎಂದರೆ ನಕ್ಕು ಸುಮ್ಮನಾಗುತ್ತಾರೆ. ಮಗಳು ಶಾಲೆಯ ಅರ್ಜಿಯಲ್ಲಿ ತಂದೆಯ ಉದ್ಯೋಗದ ಮುಂದೆ "ನೀರಿನ ಕೆಲಸ" ಎಂದು ಬರೆದಿದ್ದಳಂತೆ. ಅದನ್ನು ಅವರು ಇಂದಿಗೂ ತಿದ್ದಿಲ್ಲ. ಆ ನಾಚಿಕೆ ಹಳೆಯದು, ಪಳಗಿದ್ದು, ಹಾಕಿಕೊಂಡು ಮೆತ್ತಗಾದ ಕೆಲಸದ ಅಂಗಿಯಂಥದ್ದು. ಭಾನುವಾರದ ಮುಂಜಾನೆ ಈ ಬಚ್ಚಲಿಗೆ ಅವರನ್ನು ಕರೆತಂದಿರುವ ನಾಚಿಕೆ ಬೇರೆಯದು. ಇದು ಹೊಸದು, ಇನ್ನೂ ಚುಚ್ಚುತ್ತದೆ.

ಅವರ ಕೆಲಸಕ್ಕೊಂದು ಕ್ರಮವಿತ್ತು. ಮುಸಲ್ಮಾನರ ಮನೆಗೆ ಹೋದರೆ ಚೀಲ ಕೆಳಗಿಡುವ ಮೊದಲೇ ಒಂದು ಪ್ರಶ್ನೆ: "ಆಂಟಿ, ನಮಾಝಿನ ಚಾಪೆ ಎತ್ತ ಹಾಸ್ತೀರಿ?" ನಮಾಝಿಗೆ ಮುಖ ಮಾಡಿ ನಿಲ್ಲುವ ಕಿಬ್ಲಾದ ದಿಕ್ಕಿಗೆ ಶೌಚಕ್ಕೆ ಕೂತವರ ಮುಖವೂ ಇರಬಾರದು, ಬೆನ್ನೂ ಇರಬಾರದು. ಈ ಬಡಾವಣೆಯಲ್ಲಿ ದಿಕ್ಕು ಹಿಡಿಯುವುದು ಕಷ್ಟವೇನಲ್ಲ. ಬೆಟ್ಟವನ್ನು ಎಡ ಭುಜಕ್ಕೆ ಇಟ್ಟುಕೊಂಡು ನಿಂತರೆ ಎದುರಿಗೆ ಕಿಬ್ಲಾ. ಆದರೆ ಹಿಂದೆ ಈ ಸರ್ಕಾರಿ ಮನೆಗಳನ್ನು ಸಾಲಾಗಿ ಕಟ್ಟಿದವರು ಯಾರ ದಿಕ್ಕನ್ನೂ ಕೇಳಿರಲಿಲ್ಲ. ಹಾಗಾಗಿ ಕೆಲವು ಮನೆಗಳಲ್ಲಿ ಜನ ತಾವೇ ಕಮೋಡನ್ನು ಕಿತ್ತು, ಪೈಪು ಬಗ್ಗಿಸಿ, ಓರೆಯಾಗಿ ಕೂರಿಸಿಕೊಂಡಿದ್ದರು.

ಆಮೇಲೆ ಬರ ಬಂತು. ಮೂರು ಚಳಿಗಾಲ ಮಳೆ ಕೈಕೊಟ್ಟು ಅಣೆಕಟ್ಟಿನ ತಳ ಕಾಣಿಸಿತು. ತಲೆಗೆ ದಿನಕ್ಕೆ ಐವತ್ತು ಲೀಟರ್. ಇಂಥ ದಿನದಿಂದ ನಲ್ಲಿಗಳು ಬಂದ್ ಎಂದು ತಾರೀಕೂ ಗೊತ್ತಾಯಿತು. ಸ್ನಾನದ ನೀರನ್ನು ಬಕೆಟ್ಟಿನಲ್ಲಿ ಹಿಡಿದು ಕಕ್ಕಸಿಗೆ ಸುರಿಯುತ್ತಿದ್ದ ಜನ ಇಗ್ಸಾನರ ಗಾಡಿಯನ್ನು ಬೀದಿಯಲ್ಲೇ ಅಡ್ಡಗಟ್ಟತೊಡಗಿದರು. ಹೆಚ್ಚೆಂದರೆ ದಿನಕ್ಕೆ ಎರಡು ಮನೆ ಮಾಡುತ್ತಿದ್ದವರು ನಾಲ್ಕೈದು ಮಾಡಿದರು. ಆರು ವಾರ ಊಟ ಗಾಡಿಯಲ್ಲೇ ಆಗುತ್ತಿತ್ತು. ಮಧ್ಯಾಹ್ನದ ನಮಾಝ್ ಯಾರದ್ದೋ ಮನೆಯ ಹಜಾರದಲ್ಲಿ.

"ಆ ಆರು ವಾರ ಚಾಪೆ ಕೇಳೋದನ್ನ ಬಿಟ್ಟೆ," ಎನ್ನುತ್ತಾರೆ ಇಗ್ಸಾನ್. ಹೇಳುವಾಗ ಕೈಯಲ್ಲಿನ ಸ್ಪ್ಯಾನರನ್ನೇ ನೋಡುತ್ತಾರೆ. "ಕೇಳೋಕೆ ಎಷ್ಟೊತ್ತು ಬೇಕು? ಒಂದು ಉಸಿರು. ಅಷ್ಟೂ ಇರಲಿಲ್ಲ ನನ್ನ ಹತ್ರ. ಜನ ನನ್ನನ್ನ ಹೊಗಳ್ತಿದ್ರಲ್ಲ, ಅದಕ್ಕೆ ಪುರಸೊತ್ತಿತ್ತು."

ಈ ಮನೆ, ಆಂಟಿ ಜವಾಯಾ ಅವರ ಮನೆ, ಅಂಥದ್ದೊಂದು ದಿನದ ನಾಲ್ಕನೆಯದು. ಆಕಾಶ ನೀಲಿ ಕಮೋಡ್, ಬಿರುಕು ಬಿಟ್ಟ ಟ್ಯಾಂಕು. ಕಿರಿದಾದ ಕೋಣೆಯಲ್ಲಿ ಅದು ಮೂಲೆಯ ಕಡೆಗೆ ಓರೆಯಾಗಿ ಕೂತಿತ್ತು; ಕೂತವರ ಮೊಣಕಾಲು ಗೋಡೆಗೆ ಒರಸಬೇಕು. ನೋಡಿ ಇಗ್ಸಾನರಿಗೆ ನಗು ಬಂತು. ಬಾಗಿಲಲ್ಲಿ ಬಕೆಟ್ ಹಿಡಿದು ನಿಂತಿದ್ದ ಆಂಟಿಗೆ ಅಂದೇಬಿಟ್ಟರು: "ಇದನ್ನ ಕೂರಿಸಿದೋನು ಯಾವನಪ್ಪಾ? ಯಾವನೋ ದರ್ಜಿ ಇರಬೇಕು, ಟೇಪು ತಲೆಕೆಳಗು ಹಿಡ್ದಿದ್ದಾನೆ!" ಕೆಟ್ಟ ಕೆಲಸ ಕಂಡರೆ ಪ್ಲಂಬರುಗಳು ದರ್ಜಿಯ ಮೇಲೆ ಹಾಕುವುದು ಇಲ್ಲಿನ ರೂಢಿ. ಆಂಟಿ ನಗಲಿಲ್ಲ. ಇಗ್ಸಾನರು ನೀಲಿಯದನ್ನು ಕಿತ್ತರು. ಬಗ್ಗಿಸಿದ ಪೈಪನ್ನು ಕತ್ತರಿಸಿ ನೆಟ್ಟಗೆ ಮಾಡಿದರು. ಹೊಸದನ್ನು ಬಾಗಿಲಿಗೆ ಎದುರಾಗಿ, ಕೋಣೆಗೆ ಒಪ್ಪುವಂತೆ ಕೂರಿಸಿದರು. ಹೋಗುವಾಗ ಹೇಳಿದರಂತೆ: "ಈಗ ನೋಡಿ ಆಂಟಿ, ಮನುಷ್ಯರು ಕೂರೋ ಹಾಗಾಯ್ತು."

ಅದೇ ವರ್ಷ ಮತ್ತು ಮುಂದಿನ ವರ್ಷ ಸೇರಿ ಮೂರು ಸಲ ಆಂಟಿ ಕರೆಕಳಿಸಿದರು. ಮೂರು ಸಲವೂ ಒಂದೇ ತೊಂದರೆ: ಸೀಟಿನ ಎಡಗಡೆಯ ತಿರುಗಣಿ ಮುರಿದಿತ್ತು, ಎಡದ್ದು ಮಾತ್ರ. ಮೂರನೇ ಸಲ ಇಗ್ಸಾನರು ತಮಾಷೆ ಮಾಡಿದರು: "ಏನಾಂಟಿ, ಇದರ ಮೇಲೆ ಕುದುರೆ ಸವಾರಿ ಮಾಡ್ತೀರಾ?" ಒಂದು ಮನೆಯಲ್ಲಿ ಎಲ್ಲರೂ ಒಂದೇ ಮಗ್ಗುಲಿಗೆ ಭಾರ ಹಾಕಿ ಯಾಕೆ ಕೂರುತ್ತಾರೆ ಎಂದು ಅವರು ಯೋಚಿಸಲಿಲ್ಲ. ಹೊಸ ತಿರುಗಣಿ ಬಿಗಿದರು, ನಡೆದರು.

ಹನ್ನೊಂದು ವರ್ಷ ಸರದಿಯಲ್ಲಿ ಕಾದ ಮೇಲೆ ಈ ವರ್ಷ ಹಜ್ಜಿಗೆ ಇಗ್ಸಾನರ ಹೆಸರು ಬಂದಿದೆ. ಹಜ್ಜಿಗೆ ಹೊರಡುವವರು ಮನೆಮನೆಗೆ ಹೋಗಿ ಸಲಾಂ ಹೇಳಿ, ಗೊತ್ತಿದ್ದು ಗೊತ್ತಿಲ್ಲದೆ ಮಾಡಿದ್ದಕ್ಕೆಲ್ಲ ಮಾಫಿ ಕೇಳಿಕೊಂಡು ಹೋಗುವುದು ಈ ಊರಿನಲ್ಲಿ ಅಜ್ಜಂದಿರ ಕಾಲದಿಂದ ಬಂದದ್ದು. ಮನುಷ್ಯರ ಋಣವನ್ನು ಆ ಮನುಷ್ಯರೇ ಬಿಡಬೇಕು, ಅವರ ಪರವಾಗಿ ಇನ್ನೊಬ್ಬರಲ್ಲ. ಅದನ್ನು ಹೊತ್ತುಕೊಂಡು ಅಲ್ಲಿಗೆ ಹೋಗಿ ನಿಲ್ಲಬಾರದು. ಎರಡು ತಿಂಗಳ ಹಿಂದೆ ಇಗ್ಸಾನರು ಆ ಸುತ್ತನ್ನು ಶುರು ಮಾಡಿದ್ದು ಆಂಟಿ ಜವಾಯಾ ಮನೆಯಿಂದಲೇ. ಆಂಟಿಯ ಗಂಡ, ದಿವಂಗತ ಬೂಟಾ ಆರ್ಮೀನ್, ಇಗ್ಸಾನರ ಮದುವೆಯ ಸೂಟು ಹೊಲಿದವರು. ಒಂದು ಎಳೆ ಆಚೀಚೆ ಆಗದ ಸೂಟು ಅದು. ಕೇರಿಯ ಹೆಸರಾಂತ ದರ್ಜಿ.

ಚಹಾಕ್ಕೆ ಮೊದಲು ಬಚ್ಚಲಿಗೆ ಹೋದರು. ಕೂತರು. ತಲೆಯೆತ್ತಿ ನೋಡಿದರೆ ಎಡಗಡೆಯ ಕಿಟಕಿಯಲ್ಲಿ, ಸರಿಯಾಗಿ ಭುಜದ ನೇರಕ್ಕೆ, ಬೆಟ್ಟದ ನೆತ್ತಿ.

"ಕಿಬ್ಲಾಕ್ಕೇ ಮುಖ ಮಾಡಿ ಕೂತಿದ್ದೆ," ಎನ್ನುತ್ತಾರೆ. "ಎದ್ದೆ. ಹೊರಗೆ ಬಂದೆ. ಆಂಟಿ ಬಟ್ಟಲು ಜೋಡಿಸ್ತಿದ್ರು. ಮಾಫಿ ಕೇಳೋಕೆ ಹೋದವನು ಹೊಟ್ಟೆ ಸರಿ ಇಲ್ಲ ಅಂತ ಸುಳ್ಳು ಹೇಳಿ ಓಡಿಬಂದೆ."

ಮನೆಗೆ ಬಂದವರು ಹೆಂಡತಿ ಮಾರೆಲ್ದಿಯಾಗೆ ಮಾತ್ರ ಹೇಳಿದರು. ಆಮೇಲೆ ಆ ಆರು ವಾರಗಳಲ್ಲಿ ಕೈಯಾಡಿಸಿದ ಮುಸಲ್ಮಾನರ ಮನೆಗಳನ್ನು ಬಣ್ಣದ ಮೇಲೆ ಒಂದೊಂದಾಗಿ ನೆನೆಸಿಕೊಂಡರು. ಎಂಬತ್ತಮೂರು ಮನೆ. ಒಂದೊಂದರ ಬಾಗಿಲನ್ನೂ ತಟ್ಟಿದರು. "ಹಜ್ಜಿಗೆ ಹೊರಟ ಗಂಡಸು ಬಾಗಿಲು ತಟ್ಟಿ 'ನಿಮ್ಮ ಕಕ್ಕಸು ಒಂದ್ಸಲ ನೋಡ್ಲಾ' ಅಂತ ಕೇಳಿದ್ದು ದೇವರಾಣೆಗೂ ಇದೇ ಮೊದಲು," ಎನ್ನುತ್ತಾರೆ ಮಾರೆಲ್ದಿಯಾ. ನಗುತ್ತಲೇ ಹೇಳುತ್ತಾರೆ, ಕಣ್ಣು ಮಾತ್ರ ಗಂಡನ ಮೇಲಿರುತ್ತದೆ. "ಎರಡು ತಿಂಗಳಿಂದ ಸರಿಯಾಗಿ ಊಟ ಮಾಡಿಲ್ಲ ಈ ಮನುಷ್ಯ."

ಎಪ್ಪತ್ತಾರು ಮನೆಗಳಲ್ಲಿ ಹಳೆಯದು ಹೇಗಿತ್ತೋ ಹಾಗೆಯೇ ಹೊಸದೂ ಕೂತಿತ್ತು, ತಪ್ಪಿರಲಿಲ್ಲ. ಏಳು ಮನೆಗಳಲ್ಲಿ ತಪ್ಪಿತ್ತು. ಪಾಚಿ ಹಸಿರು ಮನೆಯವರು ಗಮನಿಸಿಯೇ ಇರಲಿಲ್ಲ. ತಿಳಿದ ಮೇಲೆ ಗಂಡ ಹೆಂಡತಿ "ನೀನು ನೋಡಬಾರದಿತ್ತಾ", "ನೀವು ಅಲ್ಲೇ ಅರ್ಧ ಗಂಟೆ ಪೇಪರ್ ಓದ್ತೀರಲ್ಲ, ನಿಮಗೆ ಕಾಣಲಿಲ್ವಾ" ಎಂದು ಜಗಳಕ್ಕೆ ನಿಂತರು. ಇನ್ನೊಬ್ಬರು "ಬಿಡಿ ಬೂಟಾ, ಅಲ್ಲಾಹನಿಗೆ ಮನಸ್ಸು ಗೊತ್ತು" ಎಂದರು. ಅವನಿಗೆ ಗೊತ್ತು, ನನಗೂ ಗೊತ್ತಾಗಿದೆಯಲ್ಲ ಎಂದು ಇಗ್ಸಾನರು ಸ್ಪ್ಯಾನರ್ ತೆಗೆದರು. ವಾರದ ದಿನಗಳಲ್ಲಿ ಕೂಲಿಯ ಕೆಲಸ. ಭಾನುವಾರ ಮುಂಜಾನೆ ಈ ಕೆಲಸ, ಒಂದು ಭಾನುವಾರಕ್ಕೆ ಒಂದು ಮನೆ. ಚಿಕ್ಕಂದಿನಲ್ಲಿ ಗುರುವಾರ ಸಂಜೆ ಮಸೀದಿಯ ಹಿಂದಿನ ಸಾಲಿನಲ್ಲಿ ಕೂತು ಕುರಾನ್ ಪಠಣ ಕೇಳುತ್ತಿದ್ದ ಹುಡುಗ ಅವರು. ಸ್ವರ ಒಲಿಯಲಿಲ್ಲ, ಕಿವಿ ಒಲಿಯಿತು. ಓದುವವರು ಒಂದು ಅಕ್ಷರ ತಪ್ಪಿದರೆ ಮುಂದಕ್ಕೆ ಹೋಗುವುದಿಲ್ಲ, ಹಿಂದಕ್ಕೆ ಬಂದು ಆ ಸಾಲನ್ನು ಮೊದಲಿನಿಂದ ಹಿಡಿಯುತ್ತಾರೆ. ಯಾರೂ ನಗುವುದಿಲ್ಲ. ಇಡೀ ಸಭೆ ಅವರ ಜೊತೆ ಹಿಂದಕ್ಕೆ ಬರುತ್ತದೆ. ಆ ಮೌನದಲ್ಲೇ ತಾನು ಬೆಳೆದದ್ದು ಎನ್ನುತ್ತಾರೆ.

ಮೊದಲು ಗೊತ್ತಾದ ಮನೆ ಹೀಗೆ ಕೊನೆಗೆ ಉಳಿಯಿತು. ಸುಮ್ಮನೆ ಉಳಿಯಲಿಲ್ಲ, ಅವರೇ ಉಳಿಸಿಕೊಂಡರು. ಕಳೆದ ವಾರ ಕೊನೆಗೂ ಬಂದು, ನಿಂತೇ, ಹೇಳಿದರು. ಆಂಟಿ ಜವಾಯಾ ಬಟಾಣಿ ಬಿಡಿಸುತ್ತ ಕೇಳಿಸಿಕೊಂಡರು.

"ನಿಂಗೆ ಈಗ ಗೊತ್ತಾಯ್ತಾ?" ಎಂದರು. "ನಮಗೆ ಅವತ್ತು ಸಂಜೇನೇ ಗೊತ್ತಾಯ್ತು. ಏಳು ವರ್ಷದಿಂದ ಗೋಡೆ ಕಡೆ ತಿರುಗಿ ಕೂರ್ತಿದ್ದೀವಿ. ನನ್ನ ಕುತ್ತಿಗೆ ನೋಡು, ಹಂಗೇ ನಿಂತುಬಿಟ್ಟಿದೆ."

ಆಮೇಲೆ ಕೈಯಲ್ಲಿನ ಸಿಪ್ಪೆಯನ್ನು ಬುಟ್ಟಿಗೆ ಹಾಕಿ ಸೇರಿಸಿದರು: "ಹಳೇದನ್ನ ಓರೆಯಾಗಿ ಕೂರಿಸಿದ್ದು ಆರ್ಮೀನ್. ಬಿಳಿಯರ ಸರ್ಕಾರದವರು ಬೆಟ್ಟದ ಬುಡದಿಂದ ನಮ್ಮನ್ನ ಎಬ್ಬಿಸಿ ಇಲ್ಲಿಗೆ ತಂದು ಹಾಕಿದ್ರಲ್ಲ, ಅದೇ ವಾರ. ಗಂಟು ಇನ್ನೂ ಬಿಚ್ಚಿರಲಿಲ್ಲ, ಮೊದಲು ಅದನ್ನ ತಿರುಗಿಸಿದ್ರು. ದರ್ಜಿ ಅಂದ್ಯಲ್ಲ ಇಗ್ಸಾನ್, ಸರಿಯಾಗೇ ಅಂದೆ. ನೀನು ಅಂದಾಗ ಪಕ್ಕದ ಕೋಣೇಲಿ ಕಾಯಿಲೆ ಬಿದ್ದು ಮಲಗಿದ್ರು. ಕೇಳಿಸ್ತು ಅವರಿಗೆ."

ಆ ಪಕ್ಕದ ಕೋಣೆಯ ಗೋಡೆ ಒಂದೇ ಇಟ್ಟಿಗೆಯ ದಪ್ಪ. ಇಗ್ಸಾನರ ಬೆನ್ನು ಈಗ ಅದಕ್ಕೆ ತಾಗಿಕೊಂಡಿದೆ. ಆಂಟಿ ಅದರಾಚೆ ಹಾಸಿಗೆ ಸರಿಪಡಿಸುತ್ತಿರುವ ಸದ್ದು ಇಲ್ಲಿಗೆ ಸ್ಪಷ್ಟವಾಗಿ ಕೇಳುತ್ತದೆ. ದಿಂಬು ಕೊಡವಿದ್ದು, ಒಂದು ನಿಟ್ಟುಸಿರು. ಅವತ್ತು ತನ್ನ ನಗು ಆಚೆಗೆ ಹೇಗೆ ಕೇಳಿಸಿರಬೇಕು ಎಂಬುದು ಅವರಿಗೆ ಈಗ ಕಿವಿಯಲ್ಲೇ ತಿಳಿಯುತ್ತಿದೆ.

ನೀರಿನ ವಾಲ್ವು ತಿರುಗಿಸುತ್ತಾರೆ. ಟ್ಯಾಂಕಿನಲ್ಲಿ ಉಳಿದ ನೀರನ್ನು ಚೆಲ್ಲದೆ ಸ್ಪಂಜಿನಲ್ಲಿ ಹೀರಿ ಬಕೆಟ್ಟಿಗೆ ಹಿಂಡುತ್ತಾರೆ. ಬರ ಹೋದರೂ ಆ ಕೈ ಹೋಗಿಲ್ಲ. ಬುಡದ ಸಿಲಿಕೋನನ್ನು ಬ್ಲೇಡಿನಿಂದ ಸುತ್ತಲೂ ಸೀಳಿ, ನಟ್ಟು ಬಿಚ್ಚಿ, ಎರಡೂ ತೋಳಿನಲ್ಲಿ ಕಮೋಡನ್ನು ತಬ್ಬಿ ಒಂದೇ ಉಸಿರಿಗೆ ಎತ್ತಿ ಪಕ್ಕಕ್ಕಿಡುತ್ತಾರೆ. ನೆಲದಲ್ಲಿ ತಾವೇ ಮೆತ್ತಿದ ಬಿಳಿ ಸಿಮೆಂಟಿನ ಅಚ್ಚು. ಉಳಿಯಿಂದ ಕೆತ್ತುತ್ತಾರೆ. ಸಿಮೆಂಟು ಚಕ್ಕೆಚಕ್ಕೆಯಾಗಿ ಎದ್ದು ಬರುತ್ತದೆ. ಒಂದು ಚಕ್ಕೆ ಎದ್ದ ಜಾಗದಲ್ಲಿ ಅವರ ಕೈ ನಿಲ್ಲುತ್ತದೆ.

ಹಳೆಯ ಗಾರೆಯಲ್ಲಿ ಒಂದು ಗೆರೆ. ಗಾರೆ ಹಸಿಯಿದ್ದಾಗ ಮೊಳೆಯಿಂದ ಎಳೆದದ್ದು. ಬಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ ಕತ್ತರಿಗೆ ದಾರಿ ತೋರಿಸಲು ಎಳೆಯುತ್ತಾರಲ್ಲ, ಅಷ್ಟು ನೇರ, ಎಲ್ಲೂ ನಡುಗಿಲ್ಲ. ತುದಿಯಲ್ಲಿ ಬಾಣ. ಬಾಣದ ಮುಂದೆ ಪುಟ್ಟ ಅರಬ್ಬಿ ಅಕ್ಷರಗಳಲ್ಲಿ ಕಿಬ್ಲಾ ಎಂದು ಬರೆದಿದೆ.

ಇದನ್ನು ಅವರು ನೋಡಿದ್ದರು. ಟಾರ್ಚಿನ ಬೆಳಕಿನಲ್ಲಿ ಅದು ಈಗ ಚೆನ್ನಾಗಿ ನೆನಪಾಗುತ್ತದೆ. ಏಳು ವರ್ಷದ ಹಿಂದೆ ನೀಲಿಯದನ್ನು ಎತ್ತಿದಾಗ ಈ ಗೆರೆ ಕಂಡಿತ್ತು. ಯಾವನೋ ಅಳತೆಗೆ ಗೀಚಿದ್ದಾನೆ ಎಂದು ಓದದೆ ಅದರ ಮೇಲೆ ಕರಣೆಯಿಂದ ಸಿಮೆಂಟು ಎಳೆದಿದ್ದರು. ಐದನೆಯ ಮನೆಯವರು ಹೊರಗೆ ಹಾರ್ನ್ ಹೊಡೆಯುತ್ತಿದ್ದರು.

ಇಗ್ಸಾನರು ಟಾರ್ಚು ಆರಿಸುತ್ತಾರೆ. ಕಿಟಕಿಯ ಬೆಳಕೇ ಸಾಕಾಗುವಷ್ಟು ಹೊತ್ತು ಏರಿದೆ. ಆಮೇಲೆ ಗೆರೆಯ ಮೇಲಿನ ಧೂಳನ್ನು ಬೆರಳಿನಿಂದ ತೆಗೆದು, ಅದಕ್ಕೆ ಅಡ್ಡಲಾಗಿ ಅಳತೆ ಹಿಡಿದು, ಬಗ್ಗುವ ಪೈಪು ಜೋಡಿಸಿ, ಕಮೋಡನ್ನು ಮೂಲೆಯ ಕಡೆಗೆ ಓರೆಯಾಗಿ ಇಳಿಸುತ್ತಾರೆ. ಈ ಸಲ ಗೆರೆಯ ಮೇಲೆ ಸಿಮೆಂಟು ಬೀಳದಂತೆ ಒಂದು ಬೆರಳಿನಗಲ ಜಾಗ ಬಿಡುತ್ತಾರೆ. ತಾವೇ ಒಮ್ಮೆ ಕೂತು ನೋಡುತ್ತಾರೆ. ಮೊಣಕಾಲು ಗೋಡೆಗೆ ಒರಸುತ್ತದೆ. ಚಿಕ್ಕ ಗುಂಡಿ ಒತ್ತಿದರೆ ಮೂರು ಲೀಟರ್ ಸುತ್ತಿ ಸುತ್ತಿ ಇಳಿದುಹೋಗುತ್ತದೆ. ಸೋರಿಕೆ ಇಲ್ಲ.

ಹೊರಗೆ ಜುಲ್ಫಾ ಕಾಯುತ್ತಿದ್ದಾಳೆ. ಇಣುಕಿ ನೋಡಿ, "ಅಬ್ಬಾ, ಮಾವ ಇದ್ದಾಗಿನ ಹಾಗೇ ಆಯ್ತು," ಎನ್ನುತ್ತಾಳೆ. ಮಕ್ಕಳಿಬ್ಬರೂ ನಾನು ಮೊದಲು ನಾನು ಮೊದಲು ಎಂದು ಬಾಗಿಲಿಗೆ ಮುಗಿಬೀಳುತ್ತಾರೆ.

ಅಡುಗೆಮನೆಯಲ್ಲಿ ಭಾನುವಾರದ ಕರಿದ ಸಿಹಿ, ಕೂಸಿಸ್ಟರ್, ಪಾಕದಿಂದ ಆಗತಾನೇ ಎದ್ದಿವೆ. ಕೊಬ್ಬರಿ ತುರಿ ಮೆತ್ತಿಕೊಂಡು, ಏಲಕ್ಕಿಯ ಘಮ ಹೊರಡಿಸುತ್ತ ತಟ್ಟೆ ತುಂಬ ಹೊಳೆಯುತ್ತಿವೆ. ಆಂಟಿ ಜವಾಯಾ ಎರಡು ಬಟ್ಟಲು ಇಟ್ಟಿದ್ದಾರೆ. ಇಗ್ಸಾನರು ಮೊಣಕೈವರೆಗೆ ತೊಳೆದುಕೊಂಡು ಬಂದು ಕುರ್ಚಿಯ ಅಂಚಿನಲ್ಲಿ ಕೂರುತ್ತಾರೆ.

"ಹದಿನೇಳಕ್ಕೆ ಹೊರಡ್ತೀನಿ, ಆಂಟಿ."

"ಗೊತ್ತು. ಮಾರೆಲ್ದಿಯಾ ಹೇಳಿದ್ಲು. ಮೆತ್ತಗಿನ ಚಪ್ಪಲಿ ತಗೊಂಡು ಹೋಗು. ಅಲ್ಲಿ ನಡೆಯೋದು ತುಂಬ ಇದೆ."

"ನನ್ನಿಂದ ನಿಮ್ಮ ಮನೆಗೆ ತಪ್ಪಾಗಿದೆ. ಮಾಫ್ ಮಾಡ್ಬಿಡಿ."

"ನನ್ನ ಪಾಲಿಂದು ಮಾಫ್," ಎಂದು ಆಂಟಿ ತಟ್ಟೆಯನ್ನು ಅವರ ಕಡೆ ನೂಕುತ್ತಾರೆ. "ಯಾವಾಗಲೋ ಮಾಫ್. ಜುಲ್ಫಾದೂ, ಮಕ್ಕಳದೂ. ತಿನ್ನು, ಆರಿದ್ರೆ ರುಚಿ ಇರಲ್ಲ."

ಇಗ್ಸಾನರು ಮುಟ್ಟುವುದಿಲ್ಲ. "ಬೂಟಾ ಆರ್ಮೀನ್ ಪಾಲಿಂದು?"

ಆಂಟಿ ಕೆಟಲನ್ನು ಎತ್ತಿದವರು ಮತ್ತೆ ಕೆಳಗಿಡುತ್ತಾರೆ.

"ಆಮೇಲೆ ಹದಿನಾಲ್ಕು ತಿಂಗಳು ಬದುಕಿದ್ರು," ಎನ್ನುತ್ತಾರೆ. "ನಿನ್ನ ಗಾಡಿ ಬೀದಿಗೆ ತಿರುಗಿದ್ರೆ ಸದ್ದಲ್ಲೇ ಗುರುತು ಹಿಡೀತಿದ್ರು. ದಿಂಬು ಒರಗಿಸು ಅಂತಿದ್ರು. ನೀನು ಒಳಗೆ ಬರ್ತೀಯ ಅಂತ ಎದ್ದು ಕೂತು ಟೋಪಿ ಹಾಕ್ಕೋತಿದ್ರು. ನಾನೇ ಹೇಳ್ಬಿಡ್ತೀನಿ ಅಂದೆ, ಬೇಡ ಅಂದ್ರು. 'ಊರಿಗೆ ಊರೇ ನೀರಿಲ್ಲದೆ ಒದ್ದಾಡ್ತಿದೆ, ಅವನಿಗೆ ಪುರಸೊತ್ತಿಲ್ಲ. ಅವನು ನಮ್ಮ ಹುಡುಗ, ಜವಾಯಾ, ಅವನಿಗೇ ನೆನಪಾಗುತ್ತೆ.' ನೀನು ಬಂದೆ, ಸೀಟು ಬಿಗಿದೆ, ಕುದುರೆ ಸವಾರಿ ಅಂದೆ, ಹೋದೆ. ಟೋಪಿ ತೆಗೆದು ಮಲಗಿದ್ರು. ಒಂದಲ್ಲ, ಮೂರು ಸಲ."

ಬೇಲಿಯಾಚೆ ಮಿಸೆಸ್ ಅಡೋನಿಸ್ ಗೇಟು ಎಳೆದುಕೊಂಡು ಚರ್ಚಿಗೆ ಹೊರಟ ಸದ್ದು. ಬಚ್ಚಲಿನಲ್ಲಿ ಚಿಕ್ಕವಳು ಗುಂಡಿಯನ್ನು ಸುಮ್ಮಸುಮ್ಮನೆ ಇನ್ನೊಮ್ಮೆ ಒತ್ತುತ್ತಾಳೆ, ಜುಲ್ಫಾ ಗದರುತ್ತಾಳೆ. ಇಗ್ಸಾನರು ತಮ್ಮ ಅಂಗೈಗಳನ್ನು ನೋಡಿಕೊಳ್ಳುತ್ತಾರೆ. ಉಗುರಿನ ಸಂದಿಯಲ್ಲಿ ಹಳೆಯ ಗಾರೆಯ ಪುಡಿ ಇನ್ನೂ ಉಳಿದಿದೆ.

"ಅವರು ಇದ್ದಿದ್ರೆ ಮಾಫ್ ಮಾಡ್ತಿದ್ರಾ, ಆಂಟಿ?"

"ನೀನು ಬಾಯಿ ತೆಗೆಯೋಕೆ ಮುಂಚೆ ಮಾಡ್ತಿದ್ರು."

"ಹಾಗಾದ್ರೆ ಅವರ ಪರವಾಗಿ ನೀವೇ ಒಂದು ಮಾತು ಹೇಳ್ಬಿಡಿ. ನಲವತ್ತೆಂಟು ವರ್ಷ ಜೊತೇಲಿ ಬಾಳಿದವರು. ನೀವು ಹೇಳಿದ್ರೆ ಅವರು ಹೇಳಿದ ಹಾಗೇ. ನಾನು ಅದನ್ನ ತಗೊಂಡು ಹೋಗ್ತೀನಿ."

ಆಂಟಿ ಜವಾಯಾ ಕೆಟಲ್ ಎತ್ತಿ ಅವರ ಬಟ್ಟಲಿಗೆ ಚಹಾ ಸುರಿಯುತ್ತಾರೆ. ಹಾಲು ಹಾಕುತ್ತಾರೆ. ಅವರಿಗೆ ಎಷ್ಟು ಸಕ್ಕರೆ ಬೇಕೆಂದು ಗೊತ್ತು, ಎರಡು ಚಮಚ ಹಾಕಿ ಕಲಕುತ್ತಾರೆ.

"ಇಲ್ಲ, ಇಗ್ಸಾನ್," ಎನ್ನುತ್ತಾರೆ. "ಅದನ್ನ ಮಾತ್ರ ನಾನು ಹೇಳಲ್ಲ."